ಒಂದು ಗಂಟು ಬಿಡಿಸಲಾ?

೧
ಹೇಗೆ ಶುರು ಮಾಡಲಿ? ‘ಸ್ತಮಾತಿಯಾಗೆ ಹುಚ್ಚು ಹಿಡಿಯಿತು’ ಎಂದು ಬರೆದು ಹೊಡೆದುಹಾಕಿದೆ. (ವೋಲೊಸ್ ಊರಿನ ಬಂದರಿನ ಪಕ್ಕ, ಅವಳದೇ ಅಡುಗೆಮನೆಯಲ್ಲಿ ಕೂತು, ಅವಳು ಕೊಟ್ಟ ಕಾಫಿ ಕುಡಿಯುತ್ತ ಹಾಗೆ ಬರೆಯಲು ನಾಚಿಕೆಯಾಗಬೇಕು. ಆಯಿತು.)

ಮತ್ತೆ ಶುರು. ಮೂವತ್ತೊಂದನೇ ವಯಸ್ಸಿಗೆ ಸ್ತಮಾತಿಯಾಗೆ ಒಂದು ದನಿ ಕೇಳತೊಡಗಿತು. ಯಾರಾದರೂ ನಿನ್ನ ಕೂದಲು ಮುಟ್ಟಿದರೆ ಮಗಳು ಅಂಥಿ ಸಾಯುತ್ತಾಳೆ ಎಂದಿತು. ಹೆತ್ತವಳು ನಂಬದೆ ಏನು ಮಾಡಿಯಾಳು? ಐದು ತಿಂಗಳು ತಲೆ ಬಾಚಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಕೂದಲು ಜಡೆಗಟ್ಟಿ, ನೆತ್ತಿ ಹುಣ್ಣಾಗಿತ್ತು.

೨
ಇಲ್ಲೊಬ್ಬ ಕೆಟ್ಟ ಡಾಕ್ಟರನ್ನು ತರೋಣ ಅಂದುಕೊಂಡೆ, ಕಥೆಗೆ ಖಾರ ಬೇಕಲ್ಲ. ಸ್ತಮಾತಿಯಾ ಒಪ್ಪಲಿಲ್ಲ. ಡಾಕ್ಟರು ಸಭ್ಯರೇ, ಹುಣ್ಣು ಕೀವುಗಟ್ಟುವ ಮುಂಚೆ ಮದ್ದು ಕೊಟ್ಟು ಮಲಗಿಸಿ ತಲೆ ಬೋಳಿಸಿಬಿಡಿ ಎಂದರಂತೆ, ಅಷ್ಟೇ. ಐವತ್ತು ದಾಟಿದ ನರ್ಸ್ ಪೊಲಿಕ್ಸೇನಿ ಮಾತ್ರ, ನನಗೊಂದು ವಾರ ಕೊಡಿ ಎಂದು ಕೇಳಿಕೊಂಡಳು.

ಅಂದು ಮಧ್ಯಾಹ್ನ ಆಲಿವ್ ಎಣ್ಣೆಯ ಬಟ್ಟಲು, ಬಾಚಣಿಗೆ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಮುಟ್ಟಲಿಲ್ಲ.

“ಒಂದು ಗಂಟು ಬಿಡಿಸಲಾ?”

“ಅದು ಬೇಡ ಅನ್ನುತ್ತೆ, ಸಿಸ್ಟರ್.”

“ಅದು ನನಗೆ ಕೇಳಿಸಲ್ಲ. ನೀನು ಹೆದರಿರೋದು ಕಾಣಿಸುತ್ತೆ. ನೀನೇನಂತೀಯ, ಮಗಳೇ?”

ಹಾಗೆ ಅವಳನ್ನು ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಆದರೂ ಬೇಡ ಎಂದಳು. ಪೊಲಿಕ್ಸೇನಿ ಬಟ್ಟಲೆತ್ತಿಕೊಂಡು ಹೋದಳು. ಮರುದಿನ ಮತ್ತೆ ಬಂದಳು. ನಾಲ್ಕನೇ ದಿನ ಸ್ತಮಾತಿಯಾ, ಒಂದೇ ಒಂದು, ಎಂದಳು. ಒಂದೇ ಒಂದು ಬಿಡಿಸಿ, ಕೈ ಒರೆಸಿಕೊಂಡು, ಪೊಲಿಕ್ಸೇನಿ ಅಂಥಿಗೆ ಫೋನ್ ಹಚ್ಚಿ ತಾಯಿಯ ಕೈಗಿತ್ತಳು. ಸ್ಕೂಲಲ್ಲಿ ಹಲ್ಲು ಬಿತ್ತಮ್ಮ ಎಂದು ಮಗು ವರದಿ ಒಪ್ಪಿಸಿತು. ತಾಯಿ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಗಂಟು, ಫೋನು, ಗಂಟು, ಫೋನು. ವಾರ ಹೋಗಿ ಮೂರು ವಾರವಾಯಿತು. ಡಾಕ್ಟರು ನೋಡಿಯೂ ನೋಡದಂತಿದ್ದರು.

೩
ಮುಕ್ತಾಯ ಅ: ದನಿ ನಿಂತುಹೋಯಿತು. (ಸ್ತಮಾತಿಯಾ ನಕ್ಕಳು. ಇವತ್ತು ಬೆಳಗ್ಗೆಯೂ ಬೈದಿದೆಯಂತೆ.)

ಮುಕ್ತಾಯ ಆ: ಕಾಯಿಲೆ ಗೆದ್ದಿತು. (ಅದೂ ಸುಳ್ಳು. ಆಮೇಲೆ ಎರಡು ಸಲ ಆಸ್ಪತ್ರೆ ಸೇರಿದ್ದಾಳೆ, ಎರಡು ಸಲವೂ ತಾನಾಗಿಯೇ ನಡೆದುಹೋಗಿ. ಪೊಲಿಕ್ಸೇನಿ ಅಲ್ಲೇ ಇದ್ದಳು.)

ಮುಕ್ತಾಯ ಇ ಬರೆಯುವಷ್ಟರಲ್ಲಿ ಸ್ತಮಾತಿಯಾ ಚೀಲ ಹಿಡಿದು ಎದ್ದಳು. ಈಗ ರಿಟೈರಾಗಿರುವ ಪೊಲಿಕ್ಸೇನಿ ಶುಕ್ರವಾರದ ಸಂತೆಗೆ ಹೋಗಲು ಕೆಳಗೆ ಕಾಯುತ್ತಿದ್ದಳು. ತಡವಾದರೆ ಒಳ್ಳೆಯ ಮೀನು ಸಿಗುವುದಿಲ್ಲ.

ಅವಳಿಗೊಮ್ಮೆ ಥ್ಯಾಂಕ್ಸ್ ಹೇಳಿದ್ದೀಯಾ ಎಂದು ಕೇಳಿದೆ. ಕಥೆ ಮುಗಿಸಲು ಒಂದು ಸಾಲು ಬೇಕಿತ್ತು.

“ಇಲ್ಲ ಕಣೇ. ಹೇಳಿಬಿಟ್ಟರೆ ಮುಗಿದುಹೋದ ಹಾಗಾಗುತ್ತೆ.”

ಮೆಟ್ಟಿಲಿಳಿಯುತ್ತ, ಒಲೆಯ ಮೇಲಿನ ಬೀನ್ಸ್ ತಳ ಹಿಡಿಯದಂತೆ ನೋಡಿಕೋ ಎಂದು ಕೂಗಿದಳು. ಕ್ಷಮಿಸಿ, ನಾನೀಗ ಏಳಬೇಕು.