ಹತ್ತನೆಯ ಕಲ್ಲಿನ ಸಾಂದ್ರತೆ

ಕಲ್ಲು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಇಬ್ಬರು ಸೇರಿ ಹತ್ತೊಂಬತ್ತು ವರ್ಷ ಒಂದೇ ಕೆಲಸ ಮಾಡಿದ್ದರು. ತೂಗುವವನು ಅಂಕಿ ಕೂಗಬೇಕು, ಬರೆಯುವವನು ಅದನ್ನೇ ತಿರುಗಿ ಹೇಳಿ ಬರೆಯಬೇಕು. ಹೇಳಿದ್ದನ್ನೇ ಹೇಳಿ ಹೇಳಿ ಬರೆಯುವವನಿಗೆ ಗಿಳಿಯಣ್ಣ ಎಂಬ ಹೆಸರು ಬಿದ್ದಿತ್ತು, ತೂಗುವವನು ತಕ್ಕಡಿರಾಯ. ಗಿಳಿಯಣ್ಣ ಬರೀ ಅಂಕಿ ಹೇಳಿ ಸುಮ್ಮನಾಗುವ ಆಸಾಮಿಯಲ್ಲ. "ಆರುನೂರ ಹನ್ನೆರಡು ಗ್ರಾಂ! ನಮ್ ಸಾಹೇಬ್ರ ತಲೆಗಿಂತ ಸ್ವಲ್ಪ ಹಗುರ," ಎಂದು ಬಾಲ ಸೇರಿಸಿಯೇ ಬರೆಯುತ್ತಿದ್ದ.

ಮೂರು ತಿಂಗಳ ಹಿಂದೆ ಅವನು ನಿವೃತ್ತನಾಗಿ ಮಗಳ ಊರಿಗೆ ಹೊರಟುಹೋದ. ತಕ್ಕಡಿರಾಯನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಮನೆಯಲ್ಲಿ ಮಾತಾಡುವುದು ರೇಡಿಯೋ ಒಂದೇ, ಅದೂ ಇವನ ಮಾತಿಗೆ ಕಿವಿಗೊಡುವುದಿಲ್ಲ. ಈಗ ಕೆಲಸದಲ್ಲೂ ಬಾಯಿಗೆ ಬೀಗ. ಅವನಿಗೆ ಜೀವ ಹಿಂಡಿದಂತಾಗುತ್ತಿತ್ತು. ಕೊನೆಗೆ ಸಂಕೋಚ ಬಿಟ್ಟು ಸಾಹೇಬರ ಬಳಿ ಹೋಗಿ, "ಇನ್ನೊಬ್ಬರನ್ನ ಹಾಕಿ ಸಾರ್, ಒಬ್ನೇ ಆದ್ರೆ ತಪ್ಪಾಗುತ್ತೆ," ಎಂದ.

"ಹತ್ತು ಕಲ್ಲು ಕೊಡ್ತೀನಿ. ಇವುಗಳ ಸಾಂದ್ರತೆ ಬೇರೆ ಕಡೆ ಆಗ್ಲೇ ಅಳೆಸಿದ್ದೀನಿ. ಒಂದು ತಪ್ಪಾದ್ರೂ ಇನ್ನೊಬ್ಬರು ಬೇಕು ಅಂತ ಮೇಲಕ್ಕೆ ಬರೀತೀನಿ. ಎಲ್ಲಾ ಸರಿಯಾದ್ರೆ ಆ ಹುದ್ದೇನೇ ತೆಗೆದುಬಿಡೋಣ," ಎಂದರು ಸಾಹೇಬರು.

ಒಂದೇ ಒಂದು ತಪ್ಪು, ಅಷ್ಟು ಸಾಕಿತ್ತು. ಆದರೆ ಹಾಳಾದ ಕೈ ಒಂಬತ್ತು ಕಲ್ಲಿನಲ್ಲಿ ಒಂದರಲ್ಲೂ ತಪ್ಪಲಿಲ್ಲ.

ಹತ್ತನೆಯದು ಬೂದು ಬಣ್ಣದ ಕಲ್ಲು. ತೂಕ ಐನೂರ ನಲವತ್ತೆರಡು ಗ್ರಾಂ. ಬಳಿಕ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಕಲ್ಲನ್ನು ದಾರ ಕಟ್ಟಿ ನೀರೊಳಗೆ ಇಳಿಬಿಟ್ಟ. ಕಲ್ಲು ತಳ ಮುಟ್ಟದೆ ಪೂರ್ತಿ ಮುಳುಗಿದ್ದರೆ, ಏರುವ ಒಂದೊಂದು ಗ್ರಾಮೂ ಕಲ್ಲಿನ ಗಾತ್ರದ ಒಂದೊಂದು ಘನ ಸೆಂಟಿಮೀಟರ್. ತಕ್ಕಡಿ ಇನ್ನೂರು ತೋರಿಸಿತು.

ಅವನು ದಾರವನ್ನು ಕೊಂಚ ಸಡಿಲ ಬಿಟ್ಟ. ಕಲ್ಲು ತಳಕ್ಕೆ ತಾಗಿತು. ಅಂಕಿ ನಾನೂರು ದಾಟಿತು. ಒಬ್ಬನೇ ಇದ್ದರೆ ಎಂಥವನಿಗೂ ಆಗಬಹುದಾದ ತಪ್ಪು ಇದು, ಯಾರಿಗೂ ಅನುಮಾನ ಬರುವುದಿಲ್ಲ. ಇದನ್ನೇ ಬರೆದರೆ ಸ್ವಲ್ಪ ದಿನದಲ್ಲೇ ಎದುರಿಗೆ ಒಬ್ಬ ಮನುಷ್ಯ ಬಂದು ಕೂರುತ್ತಾನೆ. ಕೆಮ್ಮುತ್ತಾನೆ, ಗೊಣಗುತ್ತಾನೆ, ಏನಿಲ್ಲವೆಂದರೂ ಜಗಳವನ್ನಾದರೂ ಆಡುತ್ತಾನೆ. ಅವನಿಗೆ ಅದು ಎಷ್ಟು ಬೇಕಾಗಿತ್ತೆಂದರೆ ಕಣ್ಣಲ್ಲಿ ನೀರು ಬಂತು. ಪೆನ್ನನ್ನು ಹಾಳೆಗೆ ತಾಗಿಸಿದ. ಕೈ ಮುಂದಕ್ಕೆ ಸರಿಯಲಿಲ್ಲ. "ಥೂ, ನಿನ್ನ!" ಎಂದು ತನ್ನನ್ನೇ ಬೈದುಕೊಂಡು ದಾರ ಮೇಲಕ್ಕೆಳೆದ. ಗಾತ್ರ ಇನ್ನೂರು, ಸಾಂದ್ರತೆ ಎರಡು ಪಾಯಿಂಟ್ ಏಳು ಒಂದು ಎಂದು ಬರೆದ.

ಸಂಜೆ ಸಾಹೇಬರು ಎರಡೂ ಪಟ್ಟಿ ತಾಳೆ ನೋಡಿ ಅವನ ಬೆನ್ನು ತಟ್ಟಿದರು. "ಹತ್ತಕ್ಕೆ ಹತ್ತು! ನಿಮ್ಗೆ ಯಾರೂ ಬೇಡ ಕಣ್ರೀ."

ಅದನ್ನೇ ಅವನ ಹೇಳಿಕೆಯಾಗಿ ಟೈಪು ಮಾಡಿಸಿ ತಂದು ಮುಂದಿಟ್ಟರು: ಈ ಕೆಲಸಕ್ಕೆ ತಾನೊಬ್ಬನೇ ಸಾಕು, ಜೊತೆಗೆ ಯಾರ ಅಗತ್ಯವೂ ಇಲ್ಲ. ತಕ್ಕಡಿರಾಯ ಎರಡು ಸಲ ಓದಿದ. ಆಮೇಲೆ ಸಹಿ ಹಾಕಿದ. ಅವನು ಸಹಿ ಹಾಕಿದ ಮೊದಲ ಸುಳ್ಳು ಅದು.