ಮಾರಿ ತಿರುವಿದ ಹುಚ್ಚವ್ವ

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಿದ್ದರಾಮೇಶನ ಝೆರಾಕ್ಸ್ ಅಂಗಡಿ. ಅಲ್ಲಿ ಎರಡು ಕಂಪ್ಯೂಟರ್ ಇದ್ದವು. ಹೊಸದರಲ್ಲಿ ಪಹಣಿ, ಆಧಾರ್, ಅರ್ಜಿಗಳ ಕೆಲಸ. ಹಳೆಯದರಲ್ಲಿ ಅವನ ಸ್ವಂತ ಕೆಲಸ: ವಿಡಿಯೋ ಗೇಮ್ ಕಟ್ಟುವುದು. ಅದಕ್ಕೆಂದೇ ಇಪ್ಪತ್ತು ವರ್ಷದ ಹಿಂದೆ ಬಂದ ಒಂದು ತಂತ್ರಾಂಶ ಅದರಲ್ಲಿತ್ತು. ಊರು, ಮನೆ, ಗಿಡ, ಮನುಷ್ಯರು ಎಲ್ಲವನ್ನೂ ಚೌಕ ಚೌಕವಾಗಿ ಜೋಡಿಸಿ ಆಟ ಮಾಡಬಹುದು. ಲೋಕವೆಲ್ಲ ಅದನ್ನು ಮರೆತರೂ ದೇಶದೇಶಗಳಲ್ಲಿ ಒಂದಷ್ಟು ಮಂದಿ ಬಿಟ್ಟಿರಲಿಲ್ಲ. ಅವರದೊಂದು ವೆಬ್‌ಸೈಟ್ ಇತ್ತು. ತಾವು ಬಿಡಿಸಿದ ಗೊಂಬೆಗಳನ್ನು ಅಲ್ಲಿ ಹಾಕಿ ಒಬ್ಬರಿಗೊಬ್ಬರು ಭೇಷ್ ಅನ್ನುತ್ತಿದ್ದರು. ನಮ್ಮ ಕಡೆಯಿಂದ ಅಲ್ಲಿ ಇದ್ದವರು ಇಬ್ಬರೇ: ಸಿದ್ದರಾಮೇಶ ಮತ್ತು ರೋಣದಲ್ಲಿ ಮೊಬೈಲ್ ರಿಪೇರಿ ಮಾಡುವ ಬಾಷಾ. ಇಬ್ಬರಿಗೂ ನಲವತ್ತರ ಹತ್ತಿರ. ಇಬ್ಬರ ಹೆಂಡಂದಿರೂ ಈ ಸುದ್ದಿಯನ್ನು ಬೀಗರ ಮುಂದೆ ಎತ್ತುತ್ತಿರಲಿಲ್ಲ.

ಸೂಡಿಯ ರೈತನೊಬ್ಬ ಕಳೆದುಹೋದ ಎಮ್ಮೆ ಹುಡುಕುತ್ತ ಲಕ್ಕಲಕಟ್ಟಿ, ಪುರ್ತಗೇರಿ ತಿರುಗುವುದು ಅವರ ಆಟ. ಊರುಗಳೆಲ್ಲ ತಯಾರಾಗಿದ್ದವು. ತೊಡಕು ಬಂದದ್ದು ಚಿತ್ರಗಳಲ್ಲಿ. ತಂತ್ರಾಂಶದ ಜೊತೆ ಬಂದ ಗೊಂಬೆಗಳೆಲ್ಲ ಪರದೇಶದವು, ಮೈತುಂಬ ಕಬ್ಬಿಣ ತೊಟ್ಟ ಸೈನಿಕರು.

"ಈ ಉರಿಬಿಸಲಾಗ ನಿನ್ನ ರೈತ ಕಬ್ಬಿಣದ ಅಂಗಿ ಹಾಕ್ಕೊಂಡು ಹೊಲಕ್ಕ ಹೊಂಟಾನಲ್ಲೋ ಸಿದ್ದಣ್ಣ" ಎಂದು ಬಾಷಾ ಫೋನಿನಲ್ಲಿ ನಕ್ಕ.

ಸಿದ್ದರಾಮೇಶ ತಾನೇ ಬಿಡಿಸಲು ಕೂತ. ನಾಲ್ಕು ದಿನ ಕಷ್ಟಪಟ್ಟು ಒಂದು ಎಮ್ಮೆ ಮಾಡಿ ವೆಬ್‌ಸೈಟಿಗೆ ಹಾಕಿದ. ಬ್ರೆಜಿಲ್‌ನವನೊಬ್ಬ, ಸ್ಕೂಟರ್ ಭಾಳ ಚಲೋ ಬಂದಿದೆ ಎಂದು ಬರೆದ.

ಅದೇ ವಾರ ಅವನ ದೊಡ್ಡವ್ವ ಮಾಯವ್ವ ರೇಷನ್ ಕಾರ್ಡ್ ಝೆರಾಕ್ಸ್ ಮಾಡಿಸಲು ಬಂದಳು. ಅರವತ್ತು ದಾಟಿದ ಹೆಂಗಸು. ಐವತ್ತು ವರ್ಷದಿಂದ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಹಿಗ್ಗಿಸಿದ ಎಮ್ಮೆ ಪರದೆಯ ತುಂಬ ಕರಿ ಚೌಕಗಳಾಗಿ ನಿಂತಿತ್ತು. ಮಾಯವ್ವ ಕನ್ನಡಕ ಏರಿಸಿಕೊಂಡು ನೋಡಿದಳು.

"ಇದೇನೋ?"

"ಎಮ್ಮಿ, ದೊಡ್ಡವ್ವ."

"ಯಾರು ಹೇಳಿದ್ರು ನಿನಗ? ಬೆನ್ನಿಗೆ ಎರಡ ಎಳಿ ಹೆಚ್ಚಾಗ್ಯಾವ. ಕೋಡಿಗೆ ಒಂದ ಕಡಿಮಿ. ಎಷ್ಟ ಮನಿ ಅದಾವು ಒಟ್ಟ?"

"ಅಡ್ಡ ಇಪ್ಪತ್ನಾಲ್ಕು ಚೌಕ, ಉದ್ದ ಮೂವತ್ತೆರಡು."

"ಇಷ್ಟ? ಸೆರಗಿನ ಒಂದ ಹೂವಿಗೆ ಸಾಲೂದಿಲ್ಲ ಇದು" ಎಂದವಳೇ ಚೌಕಳಿ ಹಾಳೆಯ ನೋಟ್‌ಬುಕ್ ಕೇಳಿ ಪಡೆದು, ಅಲ್ಲೇ ಸ್ಟೂಲಿನ ಮೇಲೆ ಕೂತು, ಬೆರಳಲ್ಲಿ ಎಣಿಸುತ್ತ ಚೌಕ ತುಂಬಿದಳು. ಅರ್ಧ ತಾಸಿನಲ್ಲಿ ಎಮ್ಮೆ ಎದ್ದು ನಿಂತಿತು. ಬಾಲ ಕೂಡ ಬೀಸುವ ಹಾಗಿತ್ತು. ಸಿದ್ದರಾಮೇಶನಿಗೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಯಿತು.

ಅಂದಿನಿಂದ ದಿನಾ ಮಧ್ಯಾಹ್ನ ಊಟ ಮುಗಿಸಿ ಮಾಯವ್ವ ಅಂಗಡಿಗೆ ಬರತೊಡಗಿದಳು. ಹತ್ತು ದಿನದಲ್ಲಿ ಮೌಸ್ ಹಿಡಿಯುವುದನ್ನೂ ಕಲಿತಳು. "ಮಗ್ಗದ ಲಾಳಿಗಿಂತ ಹಗುರ ಐತಿ, ಆದ್ರ ಮಾತ ಕೇಳೂದಿಲ್ಲ" ಎಂದಳು.

ಎಮ್ಮೆಯಾಯಿತು, ರೈತನಾದ, ಆಮೇಲೆ ಊರ ಮಂದಿ. ಒಂದೊಂದು ಗೊಂಬೆಗೂ ಹನ್ನೆರಡು ಚಿತ್ರ ಬೇಕು: ನಾಲ್ಕು ದಿಕ್ಕು, ಒಂದೊಂದು ದಿಕ್ಕಿಗೆ ಮೂರು ಹೆಜ್ಜೆ. ಅದನ್ನು ಕೇಳಿದ ಮಾಯವ್ವ, "ನಡಿಗಿ ಯಾರದು?" ಎಂದಳು.

"ಯಾರದೂ ಅಲ್ಲ. ಸುಮ್ಮನ ಒಬ್ಬಾಕಿ ಹೆಣ್ಮಗಳು."

"ಸುಮ್ಮನ ಒಬ್ಬಾಕಿ ಹ್ಯಾಂಗ ನಡೀತಾಳೋ? ನಡಿಗಿ ಅಂದ್ರ ಯಾರದರ ಇರಬೇಕಲ್ಲ!"

ಮೂರು ದಿನದ ಮೇಲೆ ಹೆಣ್ಣುಮಗಳು ಸಿದ್ಧಳಾದಳು. ಎಡ ಭುಜ ಮೇಲೆ, ಕೈ ಸೊಂಟದ ಮೇಲೆ, ಹೆಜ್ಜೆಗೊಮ್ಮೆ ಇಡೀ ಮೈ ವಾಲುವ ನಡಿಗೆ. ಸಿದ್ದರಾಮೇಶ ನೋಡಿ ಗಾಬರಿಯಾದ.

"ದೊಡ್ಡವ್ವ, ಇದು ಹುಚ್ಚವ್ವ ಅಲ್ಲೇನ?"

"ಅಲ್ಲ. ನಡಿಗಿ ಅಷ್ಟ ಆಕಿದು."

ಹುಚ್ಚವ್ವ ಮಾಯವ್ವನ ಪಕ್ಕದ ಮನೆಯವಳು. ನಲವತ್ತು ವರ್ಷದ ಗೆಳತಿ. ಆರು ತಿಂಗಳ ಹಿಂದೆ ಮಾಯವ್ವ ಓಣಿಯಲ್ಲಿ ನೂಲು ಹಾಸಿ ಗಂಜಿ ಹಚ್ಚಿದಾಗ ಹುಚ್ಚವ್ವನ ಆಡು ಬಂದು ಗಂಜಿ ನೆಕ್ಕಿ, ಅಷ್ಟಕ್ಕೆ ಬಿಡದೆ ನಡುವೆ ಹಾದುಹೋಗಿ ಎಳೆಗಳನ್ನೆಲ್ಲ ಹರಿದಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಈಕಿ ಆಟದಾಗ ಏನ್ ಹೇಳಬೇಕ?" ಎಂದು ಸಿದ್ದರಾಮೇಶ ಕೇಳಿದ.

"ಏನೂ ಹೇಳೂದಿಲ್ಲ. ಮಾತಾಡಿಸಿದ್ರ ಮಾರಿ ತಿರುವಿ ನಿಂದರ್ತಾಳ."

ಆ ತಂತ್ರಾಂಶದಲ್ಲಿ ಯಾರನ್ನು ಮಾತಾಡಿಸಿದರೂ ಅವರು ತಾವಾಗಿಯೇ ಮುಖ ಈ ಕಡೆ ಮಾಡುತ್ತಾರೆ. ಅದನ್ನು ತಪ್ಪಿಸಿ ಬೆನ್ನು ತೋರಿಸುವಂತೆ ಮಾಡಲು ಸಿದ್ದರಾಮೇಶನಿಗೆ ಎರಡು ದಿನ ಹಿಡಿಯಿತು. ದೊಡ್ಡವ್ವನಿಗೆ ಎದುರಾಡುವುದಕ್ಕಿಂತ ಅದೇ ಸುಲಭವಾಗಿತ್ತು.

ಯಾಕೆಂದರೆ ಆಕೆಯ ತಕರಾರು ಅಷ್ಟಕ್ಕೇ ನಿಂತಿರಲಿಲ್ಲ. ಆಟದಲ್ಲಿ ರೈತ ಕಂಡವರ ಮನೆ ಹೊಕ್ಕು ಗಡಿಗೆ ತೆಗೆದು ನೋಡುವುದನ್ನು ಕಂಡು, "ನಾ ಮಾಡಿದ ಮಂದಿ ಕಳವು ಮಾಡೂದಿಲ್ಲ" ಎಂದು ಮೌಸ್ ಕೆಳಗಿಟ್ಟಿದ್ದಳು. ಕೊನೆಗೆ ಬಾಗಿಲಲ್ಲಿ "ಒಳಗ ಬರ್ಲೇನ್ರಿ?" ಎಂದು ಕೇಳುವ ವ್ಯವಸ್ಥೆಯಾಯಿತು. ಕೇಳಿದ ಮೇಲೆ ಚಹಾ ಕೊಡದಿದ್ದರೆ ಹೇಗೆ? ಅದೂ ಆಯಿತು. ಆಡಿ ನೋಡಿದ ಬಾಷಾ ಫೋನ್ ಮಾಡಿದ: "ಎಮ್ಮಿ ಇನ್ನೂ ಸಿಕ್ಕಿಲ್ಲೋ ಮಾರಾಯ, ಹದಿನಾಲ್ಕ ಕಪ್ ಚಾ ಆತು."

ಒಂದು ಮಂಗಳವಾರ ಹುಚ್ಚವ್ವ ಪಿಂಚಣಿ ಕಾಗದ ಹಿಡಿದು ಅಂಗಡಿಗೆ ಬಂದಳು. ಮಾಯವ್ವ ಪರದೆಯ ಮುಂದೆ ಕೂತಿದ್ದಳು. ಪರದೆಯ ಮೇಲೆ ಹುಚ್ಚವ್ವ ನಡೆಯುತ್ತಿದ್ದಳು. ದಿನಕ್ಕೆ ಐದು ಸಲ ಹೋಗುವ ಕರೆಂಟು ಆ ಹೊತ್ತಿಗೆ ಹೋಗಲಿಲ್ಲ.

ಹುಚ್ಚವ್ವ ನೋಡಿದಳು. ಆಟದ ರೈತ ಹತ್ತಿರ ಹೋಗಿ ಮಾತಾಡಿಸಿದ. ಗೊಂಬೆ ಗಕ್ಕನೆ ಬೆನ್ನು ತಿರುಗಿಸಿತು.

"ಸಿದ್ದರಾಮಾ, ನಾ ಯಾವಾಗೋ ಮಾರಿ ತಿರುವೀನಿ?" ಹುಚ್ಚವ್ವನ ದನಿ ಬಸ್ ನಿಲ್ದಾಣದ ತನಕ ಕೇಳಿತು. "ಮಾತ ಬಿಟ್ಟಾಕಿ ಆಕಿ! ಆಡಿನ ತಪ್ಪಿಗೆ ನನ್ನ ಹಿಡದಾಳ. ಕೇಳ ಆಕಿನ್ನ!"

"ಸಿದ್ದರಾಮಾ, ಆಡು ಯಾರದಂತ ಕೇಳ ಆಕಿನ್ನ" ಎಂದಳು ಮಾಯವ್ವ, ಪರದೆಯಿಂದ ಕಣ್ಣು ತೆಗೆಯದೆ.

ಸಿದ್ದರಾಮೇಶ ಇಬ್ಬರನ್ನೂ ಕೇಳಲಿಲ್ಲ. ಝೆರಾಕ್ಸ್ ಯಂತ್ರದ ಹಿಂದೆ ಸರಿದು ನಿಂತ.

ಹುಚ್ಚವ್ವ ಇನ್ನೂ ಹತ್ತಿರ ಬಂದು ಬಗ್ಗಿದಳು. ಗೊಂಬೆಯ ಹಸಿರು ಸೀರೆಗೆ ಕೆಂಪು ಅಂಚು, ನಡುವೆ ಒಂದೇ ಒಂದು ಹಳದಿ ಗೆರೆ.

"ಇದು ನನ್ನ ಮಗಳು ದೇವಿಕಾನ ಮದಿವ್ಯಾಗ ನೀ ನನಗ ನೇದ ಕೊಟ್ಟ ಸೀರಿ ಅಲ್ಲ?"

ಮಾಯವ್ವ ಪರದೆಯ ಮೇಲಿನ ಕೆಂಪು ಅಂಚಿಗೆ ಬೆರಳಿಟ್ಟಳು. "ಇಲ್ಲೆ ಅಂಚಿಗೆ ಮೂರ ಎಳಿ ಅಷ್ಟ ಬರ್ತಾವು. ಪೂರಾ ತೋರಸಾಕ ಆಗಲಿಲ್ಲ."

"ಮೂರ ಎಳ್ಯಾಗ ಗುರುತ ಹಿಡದ್ನಲ್ಲ" ಎಂದಳು ಹುಚ್ಚವ್ವ. ದನಿ ಇಳಿದಿತ್ತು. ಮರುಗಳಿಗೆಯಲ್ಲಿ ಮತ್ತೆ ಏರಿತು: "ಆದ್ರ ಸೊಂಟ ಇಷ್ಟ ದಪ್ಪ ಐತೇನ ನಂದು?"

"ಒಂದ ಚೌಕ ತಗದ್ರ ಮುರದ ಬೀಳ್ತಿ."

"ಬಿದ್ರ ಬೀಳ್ತೀನಿ, ತಗಿ!"

ಮಾಯವ್ವ ತೆಗೆದಳು. ಗೊಂಬೆ ನಿಜಕ್ಕೂ ನಡುವಿನಲ್ಲಿ ಎರಡಾಗಿ ಕಂಡಿತು. ಇಬ್ಬರೂ ಒಮ್ಮೆಲೇ ನಕ್ಕರು, ಮಾಯವ್ವನ ಕನ್ನಡಕ ಜಾರಿ ಕೀಬೋರ್ಡ್ ಮೇಲೆ ಬೀಳುವಷ್ಟು. ಸಿದ್ದರಾಮೇಶ ಚಹಾ ತರಿಸಿದ.

ಆಟ ಮುಗಿದು ವೆಬ್‌ಸೈಟಿಗೆ ಹೋದಾಗ ಹುಚ್ಚವ್ವನ ಗೊಂಬೆ ಮುಖ ಈ ಕಡೆ ಮಾಡಿ ಹನ್ನೊಂದು ಮಾತು ಆಡುತ್ತಿತ್ತು. ಅಷ್ಟನ್ನೂ ಹುಚ್ಚವ್ವ ಪಕ್ಕದಲ್ಲೇ ಕೂತು ಬರೆಸಿದ್ದಳು. ನಾರ್ವೆ ದೇಶದಿಂದ ಒಬ್ಬಾಕೆ ಬರೆದಳು: ನಿಮ್ಮ ಹಸಿರು ಸೀರೆಯ ಹೆಂಗಸಿನ ನಡಿಗೆ ಇಷ್ಟವಾಯಿತು, ನನ್ನ ಆಟದಲ್ಲಿ ಬಳಸಿಕೊಳ್ಳಲೇ? ನನ್ನದು ವರ್ಷವಿಡೀ ಹಿಮ ಬೀಳುವ ಊರಿನ ಕತೆ.

ಸಿದ್ದರಾಮೇಶ ಅದನ್ನು ಕನ್ನಡದಲ್ಲಿ ಓದಿ ಹೇಳಿದ. ಮಾಯವ್ವ ತಿರುಗಿ, "ಹೋಗ್ತೀಯೇನ?" ಎಂದು ಕೇಳಿದಳು.

ಹುಚ್ಚವ್ವ ಸೆರಗು ಸರಿಮಾಡಿಕೊಂಡು ಯೋಚಿಸಿದಳು. "ಹೋಗ್ತೀನಿ. ಥಂಡಿ ಭಾಳ ಅಂತ, ಒಂದ ಕೌದಿ ಹೊಚ್ಚಿ ಕಳಸ."

ಮಾಯವ್ವ ಹೊಸ ಹಾಳೆ ತೆರೆದು ಕೌದಿಗೆ ಬೇಕಾದ ಬಟ್ಟೆ ತುಂಡುಗಳನ್ನು ಒಂದೊಂದಾಗಿ ಎಣಿಸತೊಡಗಿದಳು.