ಮೂರು ಟ್ರಾನ್ಸಿಸ್ಟರಿನ ದೀಪ

ಸಾವಕ್ಕನಿಗೆ ಸಿಟ್ಟು ಬರುವುದು ಅಪರೂಪ. ಆದರೆ ಅರವತ್ತೇಳನೆಯ ಇಸವಿಯ ಆ ದಿನ, ವಿದ್ಯಾನಗರದ ವಿಜ್ಞಾನ ಪ್ರದರ್ಶನದಲ್ಲಿ ಮಗಳು ಶೇವಂತೆವ್ವನ ಮೇಜಿನ ಪಕ್ಕ ನಿಂತಾಗ, ಅವಳ ಕಿವಿ ಕಾದ ಹಂಚಾಗಿದ್ದವು.

ಗುಲಾಬಸಾಬರ ರೇಡಿಯೋ ಅಂಗಡಿಯ ಕೆಟ್ಟ ಸೆಟ್ಟುಗಳಿಂದ ಕಿತ್ತ ಮೂರು ಟ್ರಾನ್ಸಿಸ್ಟರು. ಶೇಂಗಾಬೀಜದಷ್ಟು ಗಾತ್ರ, ಕರಿ ಬಣ್ಣ ಬಳಿದ ಗಾಜಿನ ಮೈ, ತಂತಿಯ ಕಾಲು. ಶೇವಂತೆವ್ವ ಬೆಸುಗೆ ಹಾಕುವಾಗ ಬಿಸಿ ತಾಗಿ ಅವು ಸಾಯದಂತೆ ಕಾಲಿಗೆ ಇಕ್ಕಳ ಹಿಡಿಯುವುದು ಸಾವಕ್ಕನ ಪಾಲಿನ ಕೆಲಸವಾಗಿತ್ತು. ಹಲಗೆಯ ಮೇಲೆ ಎರಡು ಗುಂಡಿ, ಒಂದು ಬಲ್ಬು. ಎರಡೂ ಒತ್ತಿದರೆ ಮಾತ್ರ ಹತ್ತಬೇಕು. ಲೆಕ್ಕ ಮಾಡುವ ದೊಡ್ಡ ಯಂತ್ರಗಳ ಬುದ್ಧಿಯೂ ಇಷ್ಟೇ ಎಂದು ರೊಟ್ಟಿ ಬಡಿಯುವ ಅವ್ವನಿಗೆ ಮಗಳು ತಿಳಿಸಿ ಹೇಳಿದ್ದಳು. ಇಲ್ಲಿ ಗೆದ್ದವರಿಗೆ ಎಂಜಿನಿಯರಿಂಗ್ ಕಾಲೇಜಿಗೆ ಶಿಫಾರಸು ಪತ್ರ ಸಿಗುವುದಿತ್ತು.

ಪರೀಕ್ಷಕರು ಬಂದಾಗ, ಗುಂಡಿ ಮುಟ್ಟುವ ಮೊದಲೇ ಬಲ್ಬು ಮಂದವಾಗಿ ಉರಿಯುತ್ತಿತ್ತು. ಅವರು ನಕ್ಕರು. ಪರದೇಶದಲ್ಲಿ ಇಂಥವನ್ನು ಹತ್ತಾರು ಸೇರಿಸಿ ಎಳ್ಳಿನಷ್ಟು ಚೂರಿನಲ್ಲಿ ಅಡಗಿಸುತ್ತಾರೆ, ಇದಕ್ಕೆ ದೀಪ ಆರಿಸಲೂ ಬಾರದು ಎಂದರು. ಅಷ್ಟಕ್ಕೇ ಬಿಡಲಿಲ್ಲ.

"ರೇಡಿಯೋದಾಂವ ಮಾಡಿಕೊಟ್ಟದ್ದು ತಂದಿಟ್ಟೀಯಲ್ಲ? ನಿಮ್ಮ ಓಣ್ಯಾವರಿಗೆ ಇದೆಲ್ಲಾ ಯಾಕ ಬೇಕಿತ್ತವಾ?"

ಅಂಕ ಬರೆಯಲು ಬಾಗಿದಾಗ ಅವರ ನೆರಳು ಹಲಗೆಯ ಮೇಲೆ ಬಿತ್ತು. ಬಲ್ಬು ಆರಿತು. ನೆಟ್ಟಗಾದರು, ಮತ್ತೆ ಹತ್ತಿತು.

ಶೇವಂತೆವ್ವ ಹಲಗೆಯನ್ನು ದಿಟ್ಟಿಸಿ ತಾಯಿಯ ಕಡೆ ತಿರುಗಿದಳು. "ಯವ್ವಾ, ಇವುಕ್ಕ ಕರೇ ಬಣ್ಣ ಇತ್ತಲ್ಲ, ಎಲ್ಲಿ ಹೋತು?"

ಸಾವಕ್ಕ ತನ್ನ ಉಗುರು ನೋಡಿಕೊಂಡಳು. ನಾಲ್ಕು ಮಂದಿ ನೋಡುವ ಸಾಮಾನು, ಬಣ್ಣ ಕಿತ್ತು ಅಸಹ್ಯವಾಗಿದೆ ಎಂದು, ಬೆಳಿಗ್ಗೆ ಕಂದೀಲಿನ ಗಾಜಿನಂತೆ ಸೀಮೆಎಣ್ಣೆ ಹಚ್ಚಿ, ಉಗುರಿನಿಂದ ಕೆರೆದು ಫಳಫಳ ಮಾಡಿದ್ದು ಅವಳೇ. ಒಳಗೆ ಬೆಳಕು ಹೋದರೆ ಗುಂಡಿ ಒತ್ತದಿದ್ದರೂ ಇವುಗಳಲ್ಲಿ ಕರೆಂಟು ಹರಿಯತೊಡಗುತ್ತದೆ, ಬಣ್ಣ ಇದ್ದದ್ದೇ ಅದಕ್ಕೆ ಎಂದು ಮಗಳು ಮೆಲ್ಲಗೆ ಹೇಳಿದಳು. ಬೈಯಲಿಲ್ಲ.

ಸಾವಕ್ಕ ಸೆರಗನ್ನು ಮಡಿಚಿ, ಕಿಟಕಿಯ ಬಿಸಿಲಿಗೆ ಅಡ್ಡವಾಗಿ ಟ್ರಾನ್ಸಿಸ್ಟರುಗಳ ಮೇಲೆ ಹಿಡಿದಳು. "ಈಗ ಒತ್ರಿ."

ಒಂದು ಗುಂಡಿ ಒತ್ತಿದರು, ಹತ್ತಲಿಲ್ಲ. ಇನ್ನೊಂದು, ಹತ್ತಲಿಲ್ಲ. ಎರಡೂ ಒತ್ತಿದಾಗ ಬಲ್ಬು ಝಗ್ಗೆಂದಿತು. ಆದರೂ ಅವರು, ಇದು ರಿಪೇರಿಯವನ ಕೈಚಳಕವೇ ಎಂದು ಗೊಣಗಿದರು.

"ಗುಲಾಬಸಾಬ ಕಾಕಾ ಹಳೇ ಸಾಮಾನ ಕೊಟ್ರು. ಜೋಡಿಸಿದಾಕಿ ನನ್ನ ಮಗಳು, ಕೆಡಿಸಿದಾಕಿ ನಾನು," ಎಂದಳು ಸಾವಕ್ಕ. "ನಮ್ಮ ಓಣಿ ಸುದ್ದಿ ತಗದ್ರಿ, ಕೇಳಿದ್ವಿ. ಈಗ ಶಿಫಾರಸಿನ ಪಟ್ಟಿಗೆ ಅಕಿ ಹೆಸರು ಬರೀರಿ."

ಸುತ್ತ ವಿದ್ಯಾರ್ಥಿಗಳು ಕೂಡಿದ್ದರು. ಪರೀಕ್ಷಕರು ಅವರನ್ನೂ ಬಲ್ಬನ್ನೂ ನೋಡಿ ಪೆನ್ನು ಊರಿದರು. ಸಾವಕ್ಕನ ತೋಳು ನೋಯುತ್ತಿತ್ತು. 'ಶೇವಂತೆವ್ವ' ಎಂದು ಪೂರ್ತಿ ಬರೆಯುವವರೆಗೆ ಅವಳು ಸೆರಗು ಇಳಿಸಲಿಲ್ಲ.